ನಾಯಿ ಜತೆ ಹೊರಟವರಿಗೆ: ಜರ್ಮನಿಯೋ, ಬ್ರಿಟನ್ನೋ?

ಶಿವಮೊಗ್ಗದಿಂದ ನಾಯಿಯನ್ನೂ ಕರೆದೊಯ್ಯುವುದಾದರೆ ಎರಡು ದೇಶಕ್ಕೂ ತಯಾರಿ ಒಂದೇ: ಮೊದಲು ಮೈಕ್ರೋಚಿಪ್ (ಚರ್ಮದಡಿ ಹಾಕುವ ಗುರುತಿನ ಚಿಪ್), ನಂತರ ರೇಬಿಸ್ ಲಸಿಕೆ, 30 ದಿನ ಬಿಟ್ಟು ರಕ್ತಪರೀಕ್ಷೆ, ರಕ್ತ ತೆಗೆದ ದಿನದಿಂದ 3 ತಿಂಗಳ ಕಾಯುವಿಕೆ. ಬಹಳ ಜನ ಎಡವುವುದು ಇಲ್ಲೇ. ಚಿಪ್‌ಗಿಂತ ಮುಂಚೆ ಹಾಕಿಸಿದ ಲಸಿಕೆ ಲೆಕ್ಕಕ್ಕಿಲ್ಲ, ಮತ್ತೆ ಮೊದಲಿಂದ ಶುರು!

ಬ್ರಿಟನ್ನಿಗಾದರೆ ತಲುಪುವ 24ರಿಂದ 120 ಗಂಟೆ ಮುಂಚೆ ಪಶುವೈದ್ಯರೇ ಲಾಡಿಹುಳುವಿನ ಔಷಧಿ ಕೊಟ್ಟು ದಾಖಲಿಸಬೇಕು. ಅಲ್ಲಿಗೆ ಹೋಗುವ ವಿಮಾನದಲ್ಲಿ ನಾಯಿ ಸರಕಿನ ವಿಭಾಗದಲ್ಲೇ ಹೋಗಬೇಕು. ಹಾಗಾಗಿ ಪುಟ್ಟ, ಅಂಜುಬುರುಕ ನಾಯಿಗೆ ಜರ್ಮನಿಯೇ ವಾಸಿ.

ಬ್ರಿಟನ್ನಿನಲ್ಲಿ ನಾಯಿ ತೆರಿಗೆ ಇಲ್ಲ. ಜರ್ಮನಿಯಲ್ಲಿ ಬಹುತೇಕ ಕಡೆ ಸ್ಥಳೀಯ ಆಡಳಿತಕ್ಕೆ ವರ್ಷವರ್ಷವೂ ಕಟ್ಟಬೇಕು. ಅಲ್ಲಿ ನಾಯಿಯನ್ನು ಸಾಕಷ್ಟು ಹೊತ್ತು ಹೊರಗೆ ಬಿಡಲೇಬೇಕು, ಕಟ್ಟಿಹಾಕಿ ಸಾಕುವಂತಿಲ್ಲ. ಹಗಲು ಸರಪಳಿ, ರಾತ್ರಿ ಅಡಿಕೆ ತೋಟದ ಕಾವಲು ಎಂಬ ಮಲೆನಾಡಿನ ರೂಢಿ ಅಲ್ಲಿ ನಡೆಯದು.