38,000ದ ಕೋರ್ಸು, 1,000ದ ಪರೀಕ್ಷೆ, ಎರಡನೇ ಶನಿವಾರದ ಚಹಾ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಸಣ್ಣದೊಂದು ಆಫೀಸು ಇಟ್ಟುಕೊಂಡು ನಾನು ಸ್ಟ್ರಕ್ಚರಲ್ ಡಿಸೈನ್ ಮಾಡುತ್ತೇನೆ, ಅಂದರೆ ಕಟ್ಟಡ ಗಟ್ಟಿಯಾಗಿ ನಿಲ್ಲಲು ಬೇಕಾದ ಲೆಕ್ಕ ಮತ್ತು ಡ್ರಾಯಿಂಗ್. ಮನೆಗಳು, ಮೂರು ನಾಲ್ಕು ಮಹಡಿಯ ಅಪಾರ್ಟ್‌ಮೆಂಟ್‌ಗಳು, ಆಗಾಗ ಒಂದು ಗೋಡೌನ್. ಜೊತೆಗೆ ಒಬ್ಬ ಡ್ರಾಫ್ಟ್ಸ್‌ಮನ್ ಇದ್ದಾನೆ, ಅಷ್ಟೇ. ದೊಡ್ಡ ಕಂಪನಿಯಲ್ಲಿದ್ದರೆ ಮೇಲಿನವರೊಬ್ಬರು ಡ್ರಾಯಿಂಗ್ ನೋಡಿ, ತಪ್ಪಿದ್ದರೆ ಗೆರೆ ಎಳೆದು ವಾಪಸ್ ಕಳಿಸುತ್ತಾರೆ. ನನಗೆ ಅಂಥವರು ಇರಲಿಲ್ಲ. ನಾನು ಸಹಿ ಹಾಕಿದರೆ ಮುಗೀತು, ಗೌಂಡಿ ಕೆಲಸ ಶುರು ಮಾಡುತ್ತಾನೆ.

ಈ ಕೊರತೆ ತುಂಬಿಕೊಳ್ಳಲು ಎರಡು ವರ್ಷದಲ್ಲಿ ಮೂರು ದಾರಿ ನೋಡಿದೆ. ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯ ಕೋರ್ಸು, ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠ, ಮತ್ತು ನಮ್ಮೂರಲ್ಲೇ ಕೆಲವು ಇಂಜಿನಿಯರುಗಳು ಎರಡನೇ ಶನಿವಾರ ಸೇರುವ ಕೂಟ. ನನ್ನ ಆಯ್ಕೆ ಯಾವುದು ಅಂತ ಮೊದಲೇ ಹೇಳಿಬಿಡುತ್ತೇನೆ: ಶನಿವಾರದ ಕೂಟ. ಎನ್‌ಪಿಟಿಇಎಲ್ ಅದರ ಹಿಂದೆಯೇ ಇದೆ. ದುಬಾರಿ ಕೋರ್ಸನ್ನು ಇನ್ನೊಮ್ಮೆ ತೆಗೆದುಕೊಳ್ಳುವುದಿಲ್ಲ.

ಈ ಹುಡುಕಾಟದ ಹಿಂದೆ ಎರಡು ಕಾರಣ ಇವೆ. ಒಂದು, 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಜನ ಸತ್ತಿದ್ದು. ಆ ವಾರ ನಾನು ಹಳೆಯ ಡ್ರಾಯಿಂಗ್‌ಗಳನ್ನೆಲ್ಲ ಕಪಾಟಿನಿಂದ ತೆಗೆದು ಮತ್ತೆ ಲೆಕ್ಕ ಹಾಕಿದೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಇನ್ನೊಂದು ನನ್ನದೇ ಕೆಲಸ. ನವಲಗುಂದ ಕಡೆ ಹೋಗುವ ದಾರಿಯಲ್ಲಿ ಒಂದು ಎರಡಂತಸ್ತಿನ ಮನೆಗೆ ಡಿಸೈನ್ ಕೊಟ್ಟಿದ್ದೆ. ಅಲ್ಲಿ ಅಪ್ಪಟ ಎರೆಮಣ್ಣು. ಎರಡನೇ ವರ್ಷ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಂತು. ಮನೆಯವರು ಬೈಯಲಿಲ್ಲ, ಸುಮ್ನೆ ಗೋಡೆ ತೋರಿಸಿ ನಿಂತರು. ನನಗೆ ಅದೇ ಜಾಸ್ತಿ ನೋವಾಯಿತು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಅಷ್ಟು ಎಲ್ಲರಿಗೂ ಗೊತ್ತು. ಆದರೆ ಈ ಮನೆಯಲ್ಲಿ ಯಾಕೆ, ಈ ಮೂಲೆಯಲ್ಲೇ ಯಾಕೆ, ಈಗ ಏನು ಮಾಡಲಿ? ಇದನ್ನು ಕೇಳಲು ಒಬ್ಬರು ಬೇಕಿತ್ತು.

ಮೊದಲು ಸಿಕ್ಕಿದ್ದು ಬೆಂಗಳೂರಿನ ಕೋರ್ಸು. ಫೀಸು 38,000 ರೂಪಾಯಿ. ಆರು ವಾರಾಂತ್ಯ, ಅದರಲ್ಲಿ ಎರಡು ಅಲ್ಲಿಗೇ ಹೋಗಿ ಕೂರಬೇಕು, ಉಳಿದದ್ದು ಆನ್‌ಲೈನ್. ರೈಲು, ಲಾಡ್ಜು, ಊಟ ಸೇರಿ ಮತ್ತೆ 6,500 ಆಯಿತು. ಮಗಳನ್ನು ಅಮ್ಮನ ಮನೆಯಲ್ಲಿ ಬಿಟ್ಟು ಶುಕ್ರವಾರ ರಾತ್ರಿ ರೈಲು ಹತ್ತುತ್ತಿದ್ದೆ. ಹಣ ಕಟ್ಟಿದ್ದಕ್ಕೆ ಮುಖ್ಯ ಕಾರಣ ಪಾಠ ಅಲ್ಲ. ‘ಕೋರ್ಸು ಮುಗಿದ ಮೇಲೂ ಇಂಜಿನಿಯರುಗಳ ಬಳಗ ಜೀವನಪೂರ್ತಿ ನಿಮ್ಮ ಜೊತೆ’ ಅಂತ ಅವರು ಹೇಳಿದ್ದರು. ನನಗೆ ಬೇಕಾಗಿದ್ದು ಅದೇ ಅಲ್ವಾ?

ಹಣ ಕಟ್ಟಿದ ದಿನವೇ ವಾಟ್ಸಾಪ್ ಗುಂಪಿಗೆ ಸೇರಿಸಿದರು. ಇನ್ನೂರಕ್ಕೂ ಜಾಸ್ತಿ ಜನ. ಖುಷಿಯಾಯಿತು. ನಮಸ್ಕಾರ ಹೇಳಿ, ನನ್ನ ಊರು, ಕೆಲಸ ಎಲ್ಲ ಬರೆಯೋಣ ಅಂತ ಹೋದರೆ ಬರೆಯುವ ಜಾಗವೇ ಇಲ್ಲ. ಕೆಳಗೆ ಒಂದೇ ಸಾಲು: ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸಬಹುದು. ಮೊದಲ ವಾರ ಹೀಗಿರಬಹುದು, ಆಮೇಲೆ ತೆರೆಯುತ್ತಾರೆ ಅಂದುಕೊಂಡೆ. ಕೋರ್ಸು ಮುಗಿಯುವವರೆಗೂ ತೆರೆಯಲಿಲ್ಲ. ಮುಗಿದ ಮೇಲೂ ಇಲ್ಲ.

ಫೋನ್ ಮಾಡಿ ಕೇಳಿದೆ. ಎಲ್ಲರೂ ಬರೆಯಲು ಶುರು ಮಾಡಿದರೆ ಗದ್ದಲವಾಗುತ್ತದೆ, ಗುಡ್ ಮಾರ್ನಿಂಗ್ ಮೆಸೇಜುಗಳೇ ತುಂಬಿಕೊಳ್ಳುತ್ತವೆ ಅಂದರು. ಅದು ನಿಜ ಇರಬಹುದು. ಆದರೆ ಆ ಗುಂಪಿನಲ್ಲಿ ಅವರು ಹಾಕುತ್ತಿದ್ದುದು ಏನು? ಮುಂದಿನ ಕೋರ್ಸಿನ ಜಾಹೀರಾತು, ಬೇಗ ಸೇರಿದವರಿಗೆ ರಿಯಾಯಿತಿ, ಯಾರೋ ಸರ್ಟಿಫಿಕೇಟ್ ಹಿಡಿದು ನಿಂತ ಫೋಟೋ. ಇನ್ನೂರು ಇಂಜಿನಿಯರುಗಳು ಒಂದೇ ಕೋಣೆಯಲ್ಲಿದ್ದಾರೆ, ಯಾರೂ ಯಾರ ಜೊತೆಯೂ ಮಾತಾಡುವ ಹಾಗಿಲ್ಲ.

ಪ್ರಶ್ನೆ ಇದ್ದರೆ ಬೇರೆ ಫಾರಂ ತುಂಬಬೇಕಿತ್ತು. ಎರೆಮಣ್ಣಿನ ಮನೆಯ ಬಗ್ಗೆ ವಿವರವಾಗಿ ಬರೆದೆ, ಫೋಟೋ ಹಾಕಿದೆ. ಎರಡು ದಿನ ಬಿಟ್ಟು ಉತ್ತರ ಬಂತು: ನಾಲ್ಕನೇ ಪಾಠದ ವಿಡಿಯೋ ನೋಡಿ. ಆ ವಿಡಿಯೋದ ಉದಾಹರಣೆಗಳೆಲ್ಲ ಗಟ್ಟಿ ನೆಲದವು. ಮತ್ತೆ ಬರೆದೆ. ಈ ಸಲ ‘ಮಣ್ಣಿನ ತಜ್ಞರನ್ನು ಸಂಪರ್ಕಿಸಿ’ ಅಂತ ಬಂತು. ಮೂರನೇ ಸಲ ಬರೆಯುವ ಮನಸ್ಸಾಗಲಿಲ್ಲ.

ಆ ಕೋರ್ಸಿನಿಂದ ನನಗೆ ಸಿಕ್ಕ ಅತಿ ಒಳ್ಳೆಯ ವಿಷಯ ಅವರು ಕೊಟ್ಟದ್ದಲ್ಲ. ಊಟದ ಹೊತ್ತಿನಲ್ಲಿ ಪಕ್ಕ ಕೂತಿದ್ದ ಕಲಬುರಗಿಯ ಇಂಜಿನಿಯರ್ ಒಬ್ಬರ ನಂಬರ್ ತೆಗೆದುಕೊಂಡಿದ್ದೆ. ಅವರ ಕಡೆಯೂ ಎರೆಭೂಮಿಯೇ. ಒಂದು ಸಂಜೆ ಫೋನ್ ಮಾಡಿದೆ, ನಲವತ್ತು ನಿಮಿಷ ಮಾತಾಡಿದೆವು. ಕೋರ್ಸಿನ ಎಲ್ಲ ಪಾಠಕ್ಕಿಂತ ಆ ನಲವತ್ತು ನಿಮಿಷ ನನಗೆ ಹೆಚ್ಚು ಉಪಯೋಗವಾಯಿತು. ಹಾಗಾದರೆ ಇಂಥ ಮಾತು ನಮ್ಮೂರಲ್ಲೇ ಯಾಕೆ ಸಿಗಬಾರದು ಅನ್ನಿಸಿದ್ದೂ ಆಗಲೇ.

ಒಂದು ಮಾತು ಅವರ ಪರವಾಗಿ ಹೇಳಲೇಬೇಕು. ಕಟ್ಟಡದ ಲೆಕ್ಕ ಹಾಕುವ ಈಟ್ಯಾಬ್ಸ್ ಸಾಫ್ಟ್‌ವೇರ್ ಚೆನ್ನಾಗಿ ಕಲಿಸಿದರು. ನನ್ನ ಕೈ ಈಗ ವೇಗವಾಗಿದೆ.

ಎರಡನೆಯದು ಎನ್‌ಪಿಟಿಇಎಲ್. ಐಐಟಿಗಳು ಮತ್ತು ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ್ದು. ಪಾಠ ಕೇಳಲು ಹಣವಿಲ್ಲ. ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕು ಅಂದರೆ ಮಾತ್ರ ಫೀಸು, ನಾನು ಬರೆದಾಗ 1,000 ರೂಪಾಯಿ ಇತ್ತು. ಫೌಂಡೇಶನ್ ಬಗ್ಗೆ 12 ವಾರದ ಕೋರ್ಸು ತೆಗೆದುಕೊಂಡೆ. ಪ್ರತಿ ವಾರ ಅಸೈನ್‌ಮೆಂಟ್. ಅದಕ್ಕೆ 25 ಅಂಕ, ಕೊನೆಯ ಪರೀಕ್ಷೆಗೆ 75. ಹನ್ನೆರಡರಲ್ಲಿ ಚೆನ್ನಾಗಿ ಮಾಡಿದ ಎಂಟು ಅಸೈನ್‌ಮೆಂಟ್ ಮಾತ್ರ ಲೆಕ್ಕಕ್ಕೆ. ಈ ನಿಯಮ ನನ್ನಂಥವರಿಗೆ ವರ. ಸ್ಲ್ಯಾಬ್ ಹಾಕುವ ವಾರ, ಮಗಳಿಗೆ ಜ್ವರ ಬಂದ ವಾರ ಬಿಟ್ಟುಬಿಟ್ಟೆ, ಅಂಕ ಹೋಗಲಿಲ್ಲ. ಪರೀಕ್ಷೆಗೆ ಮಾತ್ರ ಕೇಂದ್ರಕ್ಕೆ ಹೋಗಿ ಕೂರಬೇಕು. 71 ಬಂತು. 60 ದಾಟಿದವರಿಗೆ ‘ಎಲೀಟ್’ ಅಂತ ಬರೆದು ಕೊಡುತ್ತಾರೆ.

ಕಾಲೇಜಿನಲ್ಲಿ ಪರೀಕ್ಷೆಗಾಗಿ ಓದಿ ಮರೆತದ್ದು ಇಲ್ಲಿ ಅರ್ಥವಾಗಿ ತಲೆಗೆ ಹೋಯಿತು. ಪೈಲ್ ಅಂದರೆ ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬದಂಥ ಅಡಿಪಾಯ. ಅದರಲ್ಲಿ ಅಂಡರ್‌ರೀಮ್ಡ್ ಪೈಲ್ ಬುಡದಲ್ಲಿ ಗಡ್ಡೆಯ ಹಾಗೆ ಉಬ್ಬಿರುತ್ತದೆ. ಆ ಗಡ್ಡೆ ಸಾಮಾನ್ಯವಾಗಿ ಪೈಲಿನ ಎರಡೂವರೆ ಪಟ್ಟು ಅಗಲ. ಆಳವಾದ ಎರೆಮಣ್ಣಿನಲ್ಲಿ ಪೈಲು ಕನಿಷ್ಠ 3.5 ಮೀಟರ್ ಇಳಿಯಬೇಕು ಅನ್ನುವುದು ಯಾಕೆ? ಮಳೆಗಾಲ ಬೇಸಿಗೆಯ ಉಬ್ಬು ಕುಗ್ಗು ಸುಮಾರು ಅಷ್ಟು ಆಳದವರೆಗೂ ಇರುತ್ತದೆ, ಅದರ ಕೆಳಗೆ ಮಣ್ಣು ಅಲುಗಾಡುವುದಿಲ್ಲ. ನಾನು ನವಲಗುಂದ ಕಡೆಯ ಆ ಮನೆಗೆ ಐದು ಅಡಿ ಆಳದ ಫುಟಿಂಗ್, ಅಂದರೆ ಸಾದಾ ಅಡಿಪಾಯ, ಕೊಟ್ಟಿದ್ದೆ. ಪಾಠ ಕೇಳುತ್ತಿದ್ದಂತೆ ನನ್ನ ತಪ್ಪು ಎಲ್ಲಿದೆ ಅಂತ ಕಾಣಿಸಿತು. ಆದರೆ ಕಟ್ಟಿ ಮುಗಿದ ಮನೆಗೆ ಈಗ ಏನು ಮಾಡಬೇಕು ಅಂತ ಪಾಠ ಹೇಳುವುದಿಲ್ಲ. ಅದು ಪಾಠದ ದೋಷ ಅಲ್ಲ.

ಇನ್ನು ಶನಿವಾರದ ಕೂಟ. ಇದಕ್ಕೆ ಹೆಸರಿಲ್ಲ, ರಸೀದಿ ಪುಸ್ತಕವಿಲ್ಲ. ಎಂಟು ಹತ್ತು ಜನ. ಪಿಡಬ್ಲ್ಯುಡಿಯಿಂದ ನಿವೃತ್ತರಾದವರು ಇಬ್ಬರು, ಕಾಲೇಜಿನ ಮೇಷ್ಟ್ರು ಒಬ್ಬರು, ಉಳಿದವರು ನನ್ನ ಹಾಗೆ ಸಣ್ಣ ಆಫೀಸಿನವರು. ತಿಂಗಳಿಗೆ ನೂರು ರೂಪಾಯಿ ಹಾಕುತ್ತೇವೆ, ಚಹಾ ಮತ್ತು ಗಿರಮಿಟ್ಟಿಗೆ. ಒಂದು ತಿಂಗಳು ಯಾರದಾದರೂ ಆಫೀಸಿನಲ್ಲಿ ಡ್ರಾಯಿಂಗ್ ಹರಡಿಕೊಂಡು ಕೂರುತ್ತೇವೆ, ಮುಂದಿನ ತಿಂಗಳು ಯಾವುದಾದರೂ ಸೈಟಿಗೆ ಹೋಗುತ್ತೇವೆ.

ಮೊದಲ ದಿನ ನನ್ನ ಬಿರುಕಿನ ಫೋಟೋ ತೋರಿಸಲು ಕೈ ನಡುಗಿತು. ಹಿರಿಯರೊಬ್ಬರು ಕನ್ನಡಕ ಏರಿಸಿ ನೋಡಿದರು. ಲೆಕ್ಕ ಕೇಳಲಿಲ್ಲ. “ತಂಗಿ, ತಗ್ಗು ಯಾವ ತಿಂಗಳಾಗ ತೋಡ್ಸಿದ್ದಿ?” ಅಂದರು.

“ಏಪ್ರಿಲ್‌ನಾಗ ರೀ ಸರ್.”

“ಬಚ್ಚಲದ ನೀರು ಯಾವ ಕಡೆ ಹೋಗ್ತೈತಿ?”

ನನಗೆ ಗೊತ್ತಿರಲಿಲ್ಲ. ಮುಂದಿನ ವಾರ ಅವರೇ ನನ್ನ ಜೊತೆ ಸೈಟಿಗೆ ಬಂದರು. ಬಿರುಕು ಬಿಟ್ಟ ಮೂಲೆಯ ಹೊರಗೇ ಬಚ್ಚಲಿನ ಪೈಪು ಒಡೆದು ಸೋರುತ್ತಿತ್ತು. ಒಂದು ಕಡೆಯ ಮಣ್ಣು ವರ್ಷವಿಡೀ ಹಸಿ, ಇನ್ನೊಂದು ಕಡೆ ಬೇಸಿಗೆಯಲ್ಲಿ ಒಣಗಿ ಬಾಯಿ ಬಿಡುತ್ತಿತ್ತು. ಪೈಪು ಬದಲಿಸಿದೆವು. ಮನೆ ಸುತ್ತ ಐದಡಿ ಅಗಲ ಎರೆ ತೆಗೆದು ಗರಸು (ಉಬ್ಬದ ಕಲ್ಲುಮಣ್ಣು) ಹಾಕಿ, ಮೇಲೆ ಹೊರಗಡೆಗೆ ಇಳಿಜಾರಾಗಿ ಕಾಂಕ್ರೀಟ್ ಹಾಕಿಸಿದೆವು. ಬಿರುಕಿನ ಮೇಲೆ ಅಡ್ಡಲಾಗಿ ಒಂದು ತೆಳುವಾದ ಗಾಜಿನ ಪಟ್ಟಿ ಅಂಟಿಸಿದೆವು, ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಮೊದಲ ಮಳೆಗಾಲ ಒಡೆಯಿತು. ಮತ್ತೊಂದು ಅಂಟಿಸಿದೆವು. ಅದು ಒಂದು ಬೇಸಿಗೆ, ಒಂದು ಮಳೆಗಾಲ ದಾಟಿ ಇನ್ನೂ ಹಾಗೇ ಇದೆ.

ಆ ಹಿರಿಯರೇ ಇನ್ನೊಂದು ಶನಿವಾರ ಎರಡು ಗಾಜಿನ ಸಿಲಿಂಡರ್ ತಂದು ಮಣ್ಣಿನ ಉಬ್ಬು ಅಳೆಯುವುದು ತೋರಿಸಿದರು. ಒಣಗಿಸಿ ಜರಡಿ ಹಿಡಿದ ಹತ್ತು ಹತ್ತು ಗ್ರಾಂ ಮಣ್ಣು. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಒಂದು ದಿನ ಬಿಟ್ಟು ಎರಡರ ಎತ್ತರದ ವ್ಯತ್ಯಾಸ ನೋಡಿದರೆ ಆಯಿತು. ಭಾರತೀಯ ಮಾನಕ ಸಂಸ್ಥೆ (ಬಿಐಎಸ್) ಹೊರಡಿಸುವ ನಿಯಮಪುಸ್ತಕಗಳಿಗೆ ಐಎಸ್ ಕೋಡು ಅನ್ನುತ್ತೇವೆ; ಮಣ್ಣಿನ ಪರೀಕ್ಷೆಗಳ ಐಎಸ್ 2720ರ 40ನೇ ಭಾಗದಲ್ಲಿ ಇರುವ ಪರೀಕ್ಷೆಯೇ ಇದು. ಕಾಲೇಜಿನ ಲ್ಯಾಬಿನಲ್ಲಿ ಮಾಡಿದ್ದೆ, ಆಗ ಅದು ರೆಕಾರ್ಡ್ ಬುಕ್ಕಿನ ಒಂದು ಪುಟ ಮಾತ್ರ. ಈಗ ಪ್ರತಿ ಎರೆಮಣ್ಣಿನ ಸೈಟಿಗೂ ಮೊದಲು ಇದನ್ನು ಮಾಡಿಸುತ್ತೇನೆ. ಸೀಮೆಎಣ್ಣೆ ಹುಡುಕುವುದೇ ಈಗ ಕಷ್ಟದ ಕೆಲಸ.

ಸೈಟಿನಲ್ಲಿ ಕಲಿಯುವುದು ಬೇರೆಯೇ. ಕಾಲಂ ರಿಂಗುಗಳ, ಅಂದರೆ ಕಂಬದ ಸಳಿಗಳನ್ನು (ಕಬ್ಬಿಣದ ಕಂಬಿಗಳನ್ನು) ಸುತ್ತಿ ಹಿಡಿಯುವ ಬಳೆಗಳ, ಕೊಕ್ಕೆ 135 ಡಿಗ್ರಿ ಮಡಚಬೇಕು ಅಂತ ಭೂಕಂಪ ತಡೆಯುವ ಕಟ್ಟಡಗಳ ಕೋಡು ಐಎಸ್ 13920 ಹೇಳುತ್ತದೆ. ಐಎಸ್ 1893ರ 2016ರ ಪಟ್ಟಿಯಲ್ಲಿ ಧಾರವಾಡ 3ನೇ ಭೂಕಂಪ ವಲಯ, ಹಾಗಾಗಿ ನಮಗೂ ಇದು ಕಡ್ಡಾಯ. ನಾನು ಪ್ರತಿ ಡ್ರಾಯಿಂಗಿನಲ್ಲೂ ಬರೆಯುತ್ತೇನೆ. ಸೈಟಿಗೆ ಹೋದರೆ 90 ಇರುತ್ತದೆ. ಬೈದು ಬರುತ್ತಿದ್ದೆ. ಒಂದು ಶನಿವಾರ ಸಳಿ ಕಟ್ಟುವವರನ್ನೇ ಕೂರಿಸಿಕೊಂಡು ಕೇಳಿದೆವು. ಮೂಲೆಯಲ್ಲಿ ಸಳಿ ಒತ್ತೊತ್ತಾಗಿದ್ದರೆ ಮಡಚಿದ ಕೊಕ್ಕೆ ಒಳಗೆ ಹೋಗುವುದಿಲ್ಲ, ಅದಕ್ಕೆ 90ಕ್ಕೇ ಬಿಡುತ್ತೇವೆ ಅಂದರು. ಅಂದರೆ ಸಳಿಯನ್ನು ಅಷ್ಟು ಒತ್ತಾಗಿ ಇಟ್ಟ ನನ್ನ ಡ್ರಾಯಿಂಗೇ ಬದಲಾಗಬೇಕಿತ್ತು. ಈಗ ಆ ಮೂಲೆಗಳನ್ನು ದೊಡ್ಡದಾಗಿ ಬರೆದು ತೋರಿಸುತ್ತೇನೆ, ಜಾಗ ಬಿಡುತ್ತೇನೆ.

ಕೂಟಕ್ಕೂ ಕೊರತೆ ಇದೆ. ಮೊದಲು ಸಂಜೆ ಏಳಕ್ಕೆ ಸೇರುತ್ತಿದ್ದರು. ಅಡುಗೆ, ಮಗಳ ಓದು ಬಿಟ್ಟು ಬರುವುದು ನನಗೆ ಆಗುತ್ತಿರಲಿಲ್ಲ. ಹೇಳಿದೆ, ಒಂದೇ ಮಾತಿಗೆ ನಾಲ್ಕು ಗಂಟೆಗೆ ಬದಲಿಸಿದರು. ಆಮೇಲೆ ಇನ್ನೊಬ್ಬ ಹೆಣ್ಣುಮಗಳು ಸೇರಿದಳು. ಹೊಸ ಸಾಫ್ಟ್‌ವೇರ್ ಬಗ್ಗೆ ಇಲ್ಲಿ ಜಾಸ್ತಿ ಗೊತ್ತಿಲ್ಲ. ಮದುವೆ ಸೀಸನ್ನಿನಲ್ಲಿ ಕೂಟ ತಪ್ಪುತ್ತದೆ. ಸರ್ಟಿಫಿಕೇಟ್ ಯಾರೂ ಕೊಡುವುದಿಲ್ಲ.

ದೊಡ್ಡ ಸಂಸ್ಥೆಯ ಸದಸ್ಯತ್ವ ಯಾಕಿಲ್ಲ ಅಂತ ಕೆಲವರು ಕೇಳುತ್ತಾರೆ. 1920ರಲ್ಲಿ ಹುಟ್ಟಿದ ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ ಇದೆ, ಚಾರ್ಟರ್ಡ್ ಇಂಜಿನಿಯರ್ ಅನ್ನಿಸಿಕೊಳ್ಳಬೇಕಾದವರಿಗೆ ಅದು ಬೇಕು. ನನಗೆ ಸದ್ಯಕ್ಕೆ ಆ ಅಗತ್ಯ ಬಂದಿಲ್ಲ, ಹಾಗಾಗಿ ಈ ಹೋಲಿಕೆಯಲ್ಲಿ ಸೇರಿಸಿಲ್ಲ.

ಖರ್ಚು ಕೂಡಿಸಿದರೆ, ಬೆಂಗಳೂರಿಗೆ 44,500. ಎನ್‌ಪಿಟಿಇಎಲ್‌ಗೆ 1,000. ಕೂಟಕ್ಕೆ ವರ್ಷಕ್ಕೆ 1,200, ಜೊತೆಗೆ ಸ್ಕೂಟಿಯ ಪೆಟ್ರೋಲು. ಐಎಸ್ ಕೋಡುಗಳನ್ನು ಈಗ ಬಿಐಎಸ್ ಪೋರ್ಟಲಿನಿಂದ ಉಚಿತವಾಗಿ ಇಳಿಸಿಕೊಳ್ಳಬಹುದು, ಅದಕ್ಕೆ ಯಾರಿಗೂ ಹಣ ಕೊಡಬೇಡಿ.

ದೊಡ್ಡ ಊರಿನ ಕಂಪನಿಗೆ ಅರ್ಜಿ ಹಾಕುವವರು, ಸಾಫ್ಟ್‌ವೇರ್ ಬೇಗ ಕಲಿಯಬೇಕಾದವರು ದುಬಾರಿ ಕೋರ್ಸು ನೋಡಬಹುದು. ಹಣ ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ: ಗುಂಪಿನಲ್ಲಿ ನಾನು ಬರೆಯಬಹುದಾ? ನನ್ನ ಹಾಗೆ ಊರಲ್ಲೇ ಉಳಿದು ಕಟ್ಟುವವರು ವರ್ಷಕ್ಕೆ ಒಂದು ಎನ್‌ಪಿಟಿಇಎಲ್ ಕೋರ್ಸು ಮಾಡಿ, ಮತ್ತು ಮೂರು ಜನ ಸಿಕ್ಕರೂ ಸಾಕು, ತಿಂಗಳಿಗೊಮ್ಮೆ ಡ್ರಾಯಿಂಗ್ ಹರಡಿಕೊಂಡು ಕೂರಿ. ನಾನು ಇವೆರಡನ್ನೂ ಬಿಡುವುದಿಲ್ಲ.

ಈ ಎರಡನೇ ಶನಿವಾರ ಅಣ್ಣಿಗೇರಿ ಕಡೆ ಒಂದು ಸೈಟಿಗೆ ಹೊರಟಿದ್ದೇವೆ. ಅಲ್ಲಿ ಪೈಲ್ ತೋಡುತ್ತಿದ್ದಾರೆ, ಡ್ರಾಯಿಂಗ್ ನನ್ನದು. ಏನಾದರೂ ತಪ್ಪಿದೆಯಾ ಅಂತ ನೋಡಲು ಎಂಟು ಜನ ಬರುತ್ತಿದ್ದಾರೆ.