ಮೆಸ್ಸೀಯನ ಆಗಮನದ ಉದ್ದೇಶ: ಹನ್ನೆರಡು ಪಾಠಗಳ ಒಂದು ಅಧ್ಯಯನ ಕೋರ್ಸಿನ ವಿಮರ್ಶೆ

ಮೆಸ್ಸೀಯನು, ಅಂದರೆ ಕ್ರೈಸ್ತರು ನಂಬುವಂತೆ ಯೇಸು, ಈ ಲೋಕಕ್ಕೆ ಬಂದದ್ದು ಯಾವ ಉದ್ದೇಶಕ್ಕಾಗಿ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಹನ್ನೆರಡು ಪಾಠಗಳಲ್ಲಿ ಕಲಿಸುವ, ಮನೆಯಲ್ಲೇ ಕುಳಿತು ಕಲಿಯಬಹುದಾದ ಸತ್ಯವೇದ ಅಧ್ಯಯನ ಕೋರ್ಸೊಂದನ್ನು ನಾನು ಇತ್ತೀಚೆಗೆ ಮುಗಿಸಿದೆ. ವಾರಕ್ಕೊಂದು ಧ್ವನಿಮುದ್ರಿತ ಪಾಠ, ಜೊತೆಗೊಂದು ಅಭ್ಯಾಸ ಪುಸ್ತಕ, ನಾವು ಬರೆದು ಕಳುಹಿಸಿದ ಉತ್ತರಗಳನ್ನು ಓದಿ ಟಿಪ್ಪಣಿ ಬರೆಯುವ ಒಬ್ಬ ಮಾರ್ಗದರ್ಶಕರು, ಇಷ್ಟೇ ಅದರ ಏರ್ಪಾಡು. ಬಾಲ್ಯದಿಂದಲೂ ಸಭೆಯಲ್ಲಿ ಬೆಳೆದ ನನಗೆ ಈ ಪ್ರಶ್ನೆಗೆ ಉತ್ತರ ಗೊತ್ತಿದೆ ಎಂಬ ಭರವಸೆಯಿತ್ತು. ಮೂರನೆಯ ಪಾಠದ ಹೊತ್ತಿಗೆ ಆ ಭರವಸೆ ಸಡಿಲಿತು, ಮತ್ತು ಹಾಗೆ ಸಡಿಲಿಸಿದ್ದೇ ಈ ಕೋರ್ಸಿನ ದೊಡ್ಡ ಗುಣವೆಂದು ಈಗ ಅನಿಸುತ್ತದೆ. ಯೇಸು ತಮ್ಮ ಬರುವಿಕೆಯ ಬಗ್ಗೆ ತಾವೇ ಆಡಿದ ಮಾತುಗಳಿಗೆ ಅಂಟಿಕೊಂಡಿರುವಷ್ಟು ಕಾಲ ಕೋರ್ಸು ಗಟ್ಟಿಯಾಗಿ ನಿಲ್ಲುತ್ತದೆ. ಅವುಗಳನ್ನು ಬಿಟ್ಟು ಸಿದ್ಧ ಉತ್ತರವೊಂದರ ಕಡೆಗೆ ಅವಸರಪಟ್ಟಾಗ ಮುಗ್ಗರಿಸುತ್ತದೆ.

ಮೊದಲ ಪಾಠ ಹೆಸರಿನ ಅರ್ಥಕ್ಕೆ ಮೀಸಲು. ಮೆಸ್ಸೀಯ ಎಂಬ ಹೀಬ್ರೂ ಮೂಲದ ಪದವಾಗಲಿ, ಕ್ರಿಸ್ತ ಎಂಬ ಗ್ರೀಕ್ ಮೂಲದ ಪದವಾಗಲಿ ಹೇಳುವುದು ಅಭಿಷಿಕ್ತನು, ಅಂದರೆ ಎಣ್ಣೆ ಹೊಯ್ದು ಒಂದು ಕೆಲಸಕ್ಕೆಂದು ಪ್ರತ್ಯೇಕಿಸಲ್ಪಟ್ಟವನು ಎಂಬುದನ್ನೇ. ಸೌಲ, ದಾವೀದರಂಥ ಅರಸರಿಗೂ ಆರೋನನ ವಂಶದ ಯಾಜಕರಿಗೂ ಆದ ಅಭಿಷೇಕವನ್ನು ಪಾಠ ಚೆನ್ನಾಗಿ ವಿವರಿಸುತ್ತದೆ. ಯೆಶಾಯನ ಗ್ರಂಥದ 45ನೆಯ ಅಧ್ಯಾಯವು ಪರ್ಷಿಯದ ಅರಸನಾದ ಕೋರೆಷನನ್ನೂ ಕರ್ತನ ಅಭಿಷಿಕ್ತನೆಂದೇ ಕರೆಯುತ್ತದೆ ಎಂಬ ಸಂಗತಿಯನ್ನು ಇಲ್ಲಿ ನೆನಪಿಸಿದ್ದು ನನಗೆ ಬಹಳ ಹಿಡಿಸಿತು. ಇಸ್ರಾಯೇಲಿನ ದೇವರನ್ನು ಅರಿಯದಿದ್ದ ಒಬ್ಬ ಅರಸನಿಗೆ ಆ ಬಿರುದು ಸಂದದ್ದು ಸೆರೆಯವರನ್ನು ಬಿಡಿಸುವ ಕೆಲಸಕ್ಕಾಗಿ. ಅಭಿಷಿಕ್ತನು ಎಂದೊಡನೆ ಯಾವ ಕೆಲಸಕ್ಕಾಗಿ ಎಂಬ ಪ್ರಶ್ನೆ ಆ ಪದದ ಒಳಗೇ ಇದೆ ಎನ್ನುವುದು ಇದರಿಂದ ತಾನಾಗಿ ತಿಳಿಯುತ್ತದೆ.

ಎರಡನೆಯ ಪಾಠ, ಅಂದರೆ ಯೆಹೂದ್ಯರ ನಿರೀಕ್ಷೆಯನ್ನು ಕುರಿತದ್ದು, ಇಡೀ ಕೋರ್ಸಿನಲ್ಲಿ ಅತ್ಯಂತ ತೆಳುವಾದದ್ದು. ಜನರು ರಾಜನನ್ನು ಬಯಸಿದರು, ದೇವರು ರಕ್ಷಕನನ್ನು ಕೊಟ್ಟರು ಎಂಬ ಒಂದು ವಾಕ್ಯದಲ್ಲಿ ಶತಮಾನಗಳ ಕಾಯುವಿಕೆಯನ್ನು ಮುಗಿಸಲಾಗಿದೆ. ಇದು ನ್ಯಾಯವಲ್ಲ. ಕ್ರಿ.ಪೂ. 63ರಲ್ಲಿ ರೋಮನ್ ಸೇನಾಪತಿ ಪಾಂಪೆ ಯೆರೂಸಲೇಮನ್ನು ವಶಪಡಿಸಿಕೊಂಡ ಮೇಲೆ ದಾವೀದನ ವಂಶದ ಅರಸನಿಗಾಗಿ ಮೊರೆಯಿಟ್ಟವರನ್ನು ಅಧಿಕಾರದ ಆಸೆಯುಳ್ಳವರೆಂದು ತಳ್ಳಿಹಾಕುವುದು ಸುಲಭ. ಆದರೆ ಪರರ ಆಳ್ವಿಕೆಯ ಕೆಳಗೆ ನಲುಗಿದವರು ಬಿಡುಗಡೆಯನ್ನು ಬೇಡಿದ್ದು ತಪ್ಪೆಂದು ಹೊಸ ಒಡಂಬಡಿಕೆಯೂ ಹೇಳುವುದಿಲ್ಲ. ನಿರೀಕ್ಷೆಯೂ ಒಂದೇ ಬಗೆಯದಾಗಿರಲಿಲ್ಲ: 1947ರಿಂದ ಮೃತ ಸಮುದ್ರದ ಬಳಿ ಸಿಕ್ಕ ಸುರುಳಿಗಳಲ್ಲಿ ಯಾಜಕನಾದ ಒಬ್ಬ ಅಭಿಷಿಕ್ತ, ಅರಸನಾದ ಇನ್ನೊಬ್ಬ ಅಭಿಷಿಕ್ತ ಎಂದು ಇಬ್ಬರನ್ನು ಎದುರುನೋಡಿದ ಸಮುದಾಯವೂ ಕಾಣಸಿಗುತ್ತದೆ. ಪ್ರವಾದಿಗಳು ಹೇಳಿದ, ಕತ್ತಿಗಳು ನೇಗಿಲ ಗುಳಗಳಾಗುವ ಶಾಂತಿಯ ಕಾಲ ಇನ್ನೂ ಬಂದಿಲ್ಲವಲ್ಲ ಎಂದು ಯೆಹೂದ್ಯರು ಕೇಳುವ ಪ್ರಶ್ನೆಗೆ ಕ್ರೈಸ್ತರು ಯೇಸು ಮತ್ತೆ ಬರುವ ಎರಡನೆಯ ಬರೋಣವನ್ನು ತೋರಿಸುತ್ತಾರೆ. ಈ ಪ್ರಶ್ನೆಯನ್ನು ಎತ್ತದೆ ಹೋದ ಪಾಠವು ಕಲಿಯುವವರಿಗೆ ಮೊದಲ ಬರೋಣದ ಗುರಿಯನ್ನೂ ಅರ್ಧವೇ ತೋರಿಸಿದಂತಾಯಿತು.

ಮೂರನೆಯ ಪಾಠದಲ್ಲಿ ಉಪನ್ಯಾಸವೇ ಇಲ್ಲ. ನಾಲ್ಕು ಸುವಾರ್ತೆಗಳನ್ನು ಪೆನ್ಸಿಲು ಹಿಡಿದು ಓದಿ, ಬಂದೆನು, ಬಂದಿದ್ದೇನೆ, ಕಳುಹಿಸಲ್ಪಟ್ಟೆನು ಎಂದು ಯೇಸು ಹೇಳುವ ಪ್ರತಿಯೊಂದು ಜಾಗದ ಕೆಳಗೆ ಗೆರೆ ಎಳೆದು, ಆ ಮಾತುಗಳನ್ನು ಒಂದೇ ಹಾಳೆಯಲ್ಲಿ ಬರೆದುಕೊಳ್ಳಬೇಕು. ನನಗೆ ಇದಕ್ಕೆ ಎರಡು ವಾರ ಹಿಡಿಯಿತು, ಹಾಳೆಯೂ ಒಂದು ಸಾಲಲಿಲ್ಲ. ಬೇರೆ ಊರುಗಳಲ್ಲಿಯೂ ಸಾರುವುದಕ್ಕಾಗಿಯೇ ಹೊರಟುಬಂದೆನೆಂದು ಮಾರ್ಕನ ಮೊದಲ ಅಧ್ಯಾಯದಲ್ಲಿ. ನೀತಿವಂತರನ್ನಲ್ಲ, ಪಾಪಿಗಳನ್ನು ಕರೆಯುವುದಕ್ಕೆ ಬಂದೆನೆಂದು ಎರಡನೆಯದರಲ್ಲಿ. ಧರ್ಮಶಾಸ್ತ್ರವನ್ನು ತೆಗೆದುಹಾಕುವುದಕ್ಕಲ್ಲ, ನೆರವೇರಿಸುವುದಕ್ಕೆ ಬಂದೆನೆಂದು ಮತ್ತಾಯನಲ್ಲಿ. ಸುಂಕದವನಾದ ಜಕ್ಕಾಯನ ಮನೆಯಲ್ಲಿ ನಿಂತು, ಕೆಟ್ಟುಹೋದದ್ದನ್ನು ಹುಡುಕಿ ರಕ್ಷಿಸುವುದಕ್ಕೆ ಬಂದೆನೆಂದು ಲೂಕನಲ್ಲಿ. ಸಮೃದ್ಧಿಯಾದ ಜೀವವನ್ನು ಕೊಡುವುದಕ್ಕೆ, ಕಳುಹಿಸಿದಾತನ ಚಿತ್ತದಂತೆ ನಡೆಯುವುದಕ್ಕೆ, ರೋಮನ್ ಅಧಿಪತಿ ಪಿಲಾತನ ಮುಂದೆ ನಿಂತಾಗ ಸತ್ಯಕ್ಕೆ ಸಾಕ್ಷಿ ಕೊಡುವುದಕ್ಕೆ ಎಂದು ಯೋಹಾನನಲ್ಲಿ. ಇವುಗಳ ನಡುವೆ ಸಮಾಧಾನವನ್ನಲ್ಲ, ಖಡ್ಗವನ್ನು ಹಾಕಲು ಬಂದೆನೆಂಬ ಮತ್ತಾಯನ 10ನೆಯ ಅಧ್ಯಾಯದ ಮಾತೂ ಇದೆ. ಒಂದೊಂದನ್ನೂ ಹಿಂದೆ ಎಷ್ಟೋ ಸಲ ಕೇಳಿದ್ದೆ, ಆದರೆ ಎಲ್ಲವನ್ನೂ ಒಂದರ ಕೆಳಗೊಂದು ಬರೆದು ನೋಡಿದ್ದು ಇದೇ ಮೊದಲು.

ಹಾಳೆ ತುಂಬಿದ ಮೇಲೆ ಅಭ್ಯಾಸ ಪುಸ್ತಕವು ಎರಡು ವಚನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲು ಹೇಳುತ್ತದೆ. ಯೋಹಾನ 9:39ರಲ್ಲಿ ನ್ಯಾಯತೀರ್ಪಿಗಾಗಿ ಈ ಲೋಕಕ್ಕೆ ಬಂದೆನೆಂಬ ಮಾತಿದೆ, 12:47ರಲ್ಲಿ ಲೋಕಕ್ಕೆ ತೀರ್ಪು ಮಾಡುವುದಕ್ಕಾಗಿ ಬರಲಿಲ್ಲ, ರಕ್ಷಿಸುವುದಕ್ಕಾಗಿ ಬಂದೆನೆಂಬ ಮಾತಿದೆ. ಬರೆದವನು ಒಬ್ಬನೇ ಸುವಾರ್ತಿಕ, ನಡುವೆ ಎರಡೇ ಅಧ್ಯಾಯಗಳ ಅಂತರ. ಇಲ್ಲಿ ಕೋರ್ಸು ಅವಸರದ ಸಮಾಧಾನ ಕೊಡದೆ ಅದೇ 9ನೆಯ ಅಧ್ಯಾಯದ ಹುಟ್ಟುಕುರುಡನ ಕಥೆಯನ್ನು ಪೂರ್ತಿಯಾಗಿ ಓದಿಸುತ್ತದೆ. ಬೆಳಕು ಬಂದಾಗ ಕಣ್ಣು ತೆರೆದವನೂ ನಮಗೆ ಕಣ್ಣಿದೆ ಎಂದವರೂ ತಾವಾಗಿ ಬೇರ್ಪಡುತ್ತಾರೆ, ತೀರ್ಪು ಎಂದರೆ ಅಲ್ಲಿ ಆ ಬೇರ್ಪಡುವಿಕೆ, ಬಂದ ಉದ್ದೇಶ ಮಾತ್ರ ರಕ್ಷಣೆಯೇ ಎಂಬ ತಿಳಿವಳಿಕೆಗೆ ನಾವೇ ಬರುವಂತೆ ಪ್ರಶ್ನೆಗಳನ್ನು ಹೆಣೆದಿದ್ದಾರೆ. ಒಳ್ಳೆಯ ಬೋಧನೆ ಎಂದು ನಾನು ಕರೆಯುವುದು ಇದನ್ನೇ.

ಮಾರ್ಗದರ್ಶಕರ ಟಿಪ್ಪಣಿಯೊಂದನ್ನು ಇಲ್ಲಿ ಹೇಳಲೇಬೇಕು. ಮೆಸ್ಸೀಯನು ಬಂದದ್ದು ಸಾಯುವುದಕ್ಕಾಗಿ ಎಂದು ನಾನು ನಾಲ್ಕನೆಯ ಪಾಠದ ಉತ್ತರದಲ್ಲಿ ಬರೆದಿದ್ದೆ. ಆ ವಾಕ್ಯಕ್ಕೆ ಅವರು ಸುತ್ತು ಹಾಕಿ, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಹೀಗೆ ಬರೆದಿದ್ದರು: "ಹಾಗಾದರೆ ಕುಷ್ಠರೋಗಿಯನ್ನು ಮುಟ್ಟಿದ್ದು ಯಾವುದಕ್ಕಾಗಿ?" ನಾನು ಬಹಳ ಹೊತ್ತು ಆ ಹಾಳೆಯನ್ನು ಕೈಯಲ್ಲಿ ಹಿಡಿದು ಕುಳಿತಿದ್ದೆ. ಶಿಲುಬೆಯನ್ನು ನಂಬುವ ನಾನು ಶಿಲುಬೆಗೆ ಮುಂಚಿನ ಸೇವೆಯನ್ನೆಲ್ಲ ದಾರಿಯೆಂದು ಮಾತ್ರ ಎಣಿಸುತ್ತಿದ್ದೆನಲ್ಲ ಎಂಬುದು ಆಗ ಹೊಳೆಯಿತು. ಮುಟ್ಟಬಾರದವನನ್ನು ಮುಟ್ಟಿ ಶುದ್ಧಮಾಡಿದ ಆ ಕೈಯೂ ಬಂದ ಉದ್ದೇಶದ ಒಳಗೇ ಇದೆ. ಇಂಥ ಒಂದು ಸಾಲು ಬರೆಯಬಲ್ಲ ಮಾರ್ಗದರ್ಶಕರಿದ್ದರೆ ಧ್ವನಿಮುದ್ರಿಕೆಯ ಕೊರತೆಗಳನ್ನು ಕ್ಷಮಿಸಬಹುದು.

ಅದಕ್ಕೆ ಸರಿಯಾಗಿ ಐದನೆಯ ಪಾಠ ನಜರೇತಿನ ಸಭಾಮಂದಿರಕ್ಕೆ ಕರೆದೊಯ್ಯುತ್ತದೆ. ಲೂಕನ 4ನೆಯ ಅಧ್ಯಾಯದಲ್ಲಿ ಯೇಸು ಯೆಶಾಯನ ಸುರುಳಿಯನ್ನು ಬಿಚ್ಚಿ, ಬಡವರಿಗೆ ಶುಭವರ್ತಮಾನ, ಸೆರೆಯವರಿಗೆ ಬಿಡುಗಡೆ, ಕುರುಡರಿಗೆ ಕಣ್ಣು ಎಂದು ಓದಿ, ಕರ್ತನ ಪ್ರಸನ್ನತೆಯ ವರ್ಷ ಎಂಬಲ್ಲಿಗೆ ನಿಲ್ಲಿಸುತ್ತಾರೆ. ಯೆಶಾಯನ 61ನೆಯ ಅಧ್ಯಾಯದಲ್ಲಿ ಅದೇ ವಾಕ್ಯ ಮುಂದುವರಿದು ನಮ್ಮ ದೇವರು ಮುಯ್ಯಿ ತೀರಿಸುವ ದಿನವನ್ನೂ ಸಾರುತ್ತದೆ. ಸುರುಳಿಯನ್ನು ಸುತ್ತಿ ಕೊಟ್ಟದ್ದು ವಾಕ್ಯದ ನಡುವೆಯೇ. ಪಾಠವು ಈ ನಿಲುಗಡೆಯನ್ನು ಗುರುತಿಸಿ, ಅದನ್ನು ಮುಂದೆ ಹೇಳಲಾಗುವ ಸೀದೋನಿನ ಸಾರೆಪ್ತದ ವಿಧವೆ ಮತ್ತು ಸಿರಿಯದ ನಾಮಾನನ ಕಥೆಗಳಿಗೆ ಜೋಡಿಸುತ್ತದೆ. ಪರದೇಶದವರಿಗೂ ಈ ಬಿಡುಗಡೆ ಸಲ್ಲುತ್ತದೆ ಎಂದಾಗ ಕೇಳುತ್ತಿದ್ದವರಿಗೆ ಕೋಪ ಬಂದದ್ದು ಏಕೆಂಬುದು ಆಗ ಅರ್ಥವಾಗುತ್ತದೆ. ಧ್ವನಿಮುದ್ರಿಕೆಯಲ್ಲಿ ಬೋಧಕರು ವಾಕ್ಯವನ್ನು ಅಲ್ಲಿಗೇ ತಡೆದು ಒಂದೆರಡು ಕ್ಷಣ ಸುಮ್ಮನಿದ್ದದ್ದು ಯಾವ ವಿವರಣೆಗಿಂತಲೂ ಹೆಚ್ಚು ಹೇಳಿತು.

ಆರರಿಂದ ಎಂಟರವರೆಗಿನ ಪಾಠಗಳು ಹೊಸ ಒಡಂಬಡಿಕೆಯ ಪತ್ರಗಳಾದ ಪತ್ರಿಕೆಗಳಲ್ಲಿ, ಮುಖ್ಯವಾಗಿ ಗಲಾತ್ಯ, ಇಬ್ರಿಯ ಮತ್ತು ಯೋಹಾನನ ಮೊದಲನೆಯ ಪತ್ರಿಕೆಗಳಲ್ಲಿ ಉದ್ದೇಶವನ್ನು ಹುಡುಕುತ್ತವೆ. ಅಚ್ಚುಕಟ್ಟಾಗಿವೆ, ಹೆಚ್ಚು ಹೇಳುವುದೇನಿಲ್ಲ.

ಒಂಬತ್ತನೆಯದು ಪ್ರಾಯಶ್ಚಿತ್ತದ, ಅಂದರೆ ಯೇಸುವಿನ ಮರಣ ಪಾಪವನ್ನು ಹೇಗೆ ಪರಿಹರಿಸಿತೆಂಬುದರ, ಪಾಠ. ಇದಕ್ಕೆ ಆಧಾರ ಮಾರ್ಕ 10:45, ಮನುಷ್ಯಕುಮಾರನು ಅನೇಕರನ್ನು ಬಿಡಿಸಿಕೊಳ್ಳುವುದಕ್ಕಾಗಿ ತನ್ನ ಪ್ರಾಣವನ್ನು ಈಡು ಕೊಡುವುದಕ್ಕೆ ಬಂದನೆಂಬ ವಚನ. ಈಡು ಎಂದೊಡನೆ ಕನ್ನಡದ ಕಿವಿಗೆ ಕೇಳುವುದು ಸಾಲಕ್ಕೆ ಇಟ್ಟ ಒತ್ತೆ, ಮುಂದೊಂದು ದಿನ ಬಿಡಿಸಿಕೊಳ್ಳಬಹುದಾದದ್ದು. ಗ್ರೀಕ್ ಮೂಲದ ಪದವಾದರೋ ಗುಲಾಮನನ್ನೋ ಸೆರೆಯಾಳನ್ನೋ ಬಿಡಿಸಲು ತೆತ್ತು ಮುಗಿಸಿದ ಬೆಲೆಯನ್ನು ಸೂಚಿಸುತ್ತದೆ. ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿತ್ತು, ಹೇಳಿಲ್ಲ. ಬೆಲೆಯನ್ನು ಯಾರಿಗೆ ತೆತ್ತದ್ದು ಎಂಬುದನ್ನು ಮಾರ್ಕನು ಹೇಳುವುದೇ ಇಲ್ಲ, ಸಭೆಯ ಚರಿತ್ರೆಯ ದೊಡ್ಡ ಚರ್ಚೆ ಹುಟ್ಟಿದ್ದು ಆ ಮೌನದಿಂದಲೇ. ನಾಲ್ಕನೆಯ ಶತಮಾನದಲ್ಲಿ ನಿಸ್ಸದ ಬಿಷಪ್ ಗ್ರೆಗರಿ ಅದು ಸೈತಾನನಿಗೆ ಸಂದ ಬೆಲೆ ಎಂದರೆ, ಅವರ ಗೆಳೆಯರೇ ಆದ ನಾಜಿಯಾನ್ಜಸಿನ ಗ್ರೆಗರಿ ಕಳ್ಳನಿಗೆ ಅಂಥ ಬೆಲೆಯೇ ಎಂದು ಅದನ್ನು ನಿರಾಕರಿಸಿದರು. 1098ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮರು ದೇವರು ಮನುಷ್ಯರಾದದ್ದು ಏಕೆ ಎಂಬ ಪ್ರಶ್ನೆಗೇ ಒಂದು ಗ್ರಂಥವನ್ನು ಮೀಸಲಿಟ್ಟು, ಪಾಪದಿಂದ ದೇವರ ಗೌರವಕ್ಕೆ ಆದ ಕೊರತೆಯನ್ನು ದೇವರೂ ಮನುಷ್ಯರೂ ಆದವರೊಬ್ಬರೇ ತುಂಬಿಕೊಡಬಲ್ಲರೆಂದು ವಾದಿಸಿದರು. 12ನೆಯ ಶತಮಾನದ ಫ್ರೆಂಚ್ ಪಂಡಿತ ಅಬೆಲಾರ್ದರಿಗೆ ಶಿಲುಬೆಯು ನಮ್ಮಲ್ಲಿ ಪ್ರೀತಿಯನ್ನು ಹೊತ್ತಿಸುವ ಪ್ರೀತಿಯಾಗಿ ಕಂಡಿತು. 16ನೆಯ ಶತಮಾನದ ಪ್ರೊಟೆಸ್ಟಂಟ್ ಸುಧಾರಕರು ನಮಗೆ ಬರಬೇಕಾದ ಶಿಕ್ಷೆಯನ್ನು ಕ್ರಿಸ್ತರು ಹೊತ್ತರೆಂಬುದಕ್ಕೆ ಒತ್ತುಕೊಟ್ಟರು. ಪೂರ್ವದ ಆರ್ಥಡಾಕ್ಸ್ ಸಭೆಗಳು ನಾಲ್ಕನೆಯ ಶತಮಾನದ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯರ ದಾರಿಯಲ್ಲಿ ನಡೆದು, ಮನುಷ್ಯರು ದೇವರ ಜೀವದಲ್ಲಿ ಪಾಲುಗಾರರಾಗಲೆಂದೇ ದೇವರು ಮನುಷ್ಯರಾದರು ಎಂದು ಇಂದಿಗೂ ಕಲಿಸುತ್ತವೆ.

ಇಷ್ಟು ಶ್ರೀಮಂತವಾದ ವಿಷಯಕ್ಕೆ ಕೋರ್ಸು ಕೊಟ್ಟದ್ದು ಒಂದೇ ಪಾಠ, ಅದರಲ್ಲಿಯೂ ಮುಕ್ಕಾಲು ಭಾಗ ಸುಧಾರಕರ ವಿವರಣೆಯೊಂದಕ್ಕೇ ಮೀಸಲು. ಆ ವಿವರಣೆಯಲ್ಲಿ ನನಗೂ ನಂಬಿಕೆಯಿದೆ. ಆದರೆ 325ರಲ್ಲಿ ಬಿಷಪರ ಸಭೆಯೊಂದು ಒಪ್ಪಿದ ನಂಬಿಕೆಯ ಹೇಳಿಕೆಯಾದ ನಿಕೇಯ ವಿಶ್ವಾಸಪ್ರಮಾಣವು ನಮಗಾಗಿಯೂ ನಮ್ಮ ರಕ್ಷಣೆಗಾಗಿಯೂ ಇಳಿದುಬಂದರು ಎಂದು ಹೇಳಿ, ಆ ರಕ್ಷಣೆ ಹೇಗೆ ಕೈಗೂಡಿತೆಂಬ ವಿವರಣೆಗಳಲ್ಲಿ ಯಾವುದೊಂದನ್ನೂ ಕಡ್ಡಾಯ ಮಾಡದೆ ಬಿಟ್ಟಿರುವಾಗ, ಒಂದು ಅಧ್ಯಯನ ಕೋರ್ಸು ಅದಕ್ಕಿಂತ ಬಿಗಿಯಾಗಬೇಕಾಗಿರಲಿಲ್ಲ. ಪಾಪವೇ ಇಲ್ಲದಿದ್ದರೂ ಕ್ರಿಸ್ತರು ಬರುತ್ತಿದ್ದರೇ ಎಂಬ ಹಳೆಯ ಪ್ರಶ್ನೆಗೂ ಇಲ್ಲಿ ಜಾಗವಿಲ್ಲ. ಪಾಪದ ಪರಿಹಾರಕ್ಕಾಗಿಯೇ ಬಂದರೆಂದು ಹೇಳುವುದು ಶಾಸ್ತ್ರಕ್ಕೆ ಹೆಚ್ಚು ಹೊಂದುತ್ತದೆಂದು 13ನೆಯ ಶತಮಾನದ ಪಂಡಿತ ತೋಮಸ್ ಅಕ್ವಿನಾಸರೂ, ಪ್ರೀತಿಯ ಪೂರ್ಣತೆಗಾಗಿ ಆಗಲೂ ಬರುತ್ತಿದ್ದರೆಂದು ಅವರ ನಂತರದ ಪಂಡಿತ ಡನ್ಸ್ ಸ್ಕೋಟಸರೂ ಹೇಳಿದ್ದನ್ನು ಒಂದು ಪುಟದಲ್ಲಾದರೂ ಇಟ್ಟಿದ್ದರೆ ಕಲಿಯುವವರು ತಮ್ಮ ಉತ್ತರವನ್ನು ತೂಗಿನೋಡಬಹುದಿತ್ತು.

ಈ ಬಿಗಿತನದ ಫಲ ಹತ್ತನೆಯ ಪಾಠದ ಕೊನೆಯ ಪರೀಕ್ಷೆಯಲ್ಲಿ ಕಣ್ಣಿಗೆ ಹೊಡೆಯುವಂತಿದೆ. ಮೆಸ್ಸೀಯನ ಆಗಮನದ ಮುಖ್ಯ ಉದ್ದೇಶ ಯಾವುದು ಎಂದು ಕೇಳಿ, ಕೆಳಗೆ ನಾಲ್ಕು ಆಯ್ಕೆಗಳನ್ನು ಕೊಟ್ಟು, ಒಂದಕ್ಕೆ ಮಾತ್ರ ಗುರುತು ಹಾಕಿರಿ ಎಂದಿದ್ದಾರೆ. ಆ ನಾಲ್ಕು ಆಯ್ಕೆಗಳೂ ಸುವಾರ್ತೆಗಳಲ್ಲಿ ಯೇಸುವಿನ ಬಾಯಿಂದಲೇ ಬಂದ ಮಾತುಗಳು! ಮೂರನೆಯ ಪಾಠದಲ್ಲಿ ನನ್ನಿಂದ ಹಾಳೆ ತುಂಬಿಸಿದವರೇ ಈಗ ಮೂರು ಸಾಲುಗಳನ್ನು ಹೊಡೆದುಹಾಕಲು ಹೇಳಿದಂತೆ ನನಗೆ ನೋವಾಯಿತು. ಗುರುತು ಹಾಕದೆ, ಕಾರಣ ಬರೆದು ಕಳುಹಿಸಿದೆ. ಯಂತ್ರವು ಅದನ್ನು ತಪ್ಪೆಂದು ಎಣಿಸಿತು, ಮಾರ್ಗದರ್ಶಕರ ಉತ್ತರ ಬರಲು ಮೂರು ವಾರವಾಯಿತು, ಪ್ರಶ್ನೆಯನ್ನು ಮರುಪರಿಶೀಲಿಸುವುದಾಗಿ ಅವರು ಬರೆದಿದ್ದಾರೆ. ನಿಜವಾಗಿ ಬದಲಾಯಿಸುವರೆಂದು ಹಾರೈಸುತ್ತೇನೆ.

ಹನ್ನೊಂದನೆಯ ಪಾಠ ಪುನರುತ್ಥಾನದ್ದು, ಮತ್ತು ಅದು ತಡವಾಗಿ ಬಂದಿತು ಎಂಬುದೊಂದೇ ನನ್ನ ದೂರು. ನಮ್ಮನ್ನು ನೀತಿವಂತರೆಂದು ನಿರ್ಣಯಿಸುವುದಕ್ಕಾಗಿ ಆತನು ಎಬ್ಬಿಸಲ್ಪಟ್ಟನೆಂಬ ರೋಮಾಪುರದವರಿಗೆ ಬರೆದ ಪತ್ರಿಕೆಯ 4:25ರ ಮಾತನ್ನು ಒಂಬತ್ತನೆಯ ಪಾಠದಲ್ಲೇ ಸೇರಿಸಿದ್ದರೆ, ಶಿಲುಬೆಯಲ್ಲಿ ಕೆಲಸವೆಲ್ಲ ಮುಗಿದು ಸಮಾಧಿ ಬರಿದಾದದ್ದು ಒಂದು ಮುದ್ರೆ ಮಾತ್ರ ಎಂಬ ತಪ್ಪು ಭಾವನೆ ಹುಟ್ಟುತ್ತಿರಲಿಲ್ಲ.

ಸತ್ಯವೇದದ ಪರಿಚಯವೇ ಇಲ್ಲದವರಿಗೆ ಈ ಕೋರ್ಸು ಭಾರವಾದೀತು, ಏಕೆಂದರೆ ಎರಡನೆಯ ಪಾಠ ಅವರಿಗೆ ಬೇಕಾದ ಹಿನ್ನೆಲೆಯನ್ನು ಕೊಡುವುದಿಲ್ಲ. ಸಭೆಯಲ್ಲಿ ಬೆಳೆದು, ಉತ್ತರ ಬಾಯಿಪಾಠವಾಗಿರುವವರು ಅವಶ್ಯವಾಗಿ ಸೇರಲಿ. ಪಾಠಗಳನ್ನು ಒಬ್ಬರೇ ಕೇಳುವುದಕ್ಕಿಂತ ಮನೆಯವರೊಡನೆ ಕೇಳುವುದು ಮೇಲು, ಹಾಳೆಯನ್ನು ಮಾತ್ರ ಪ್ರತಿಯೊಬ್ಬರೂ ತಾವೇ ತುಂಬಬೇಕು.

ಹನ್ನೆರಡನೆಯ ಪಾಠದಲ್ಲಿ, ಪುನರುತ್ಥಾನದ ದಿನ ಇಬ್ಬರು ಶಿಷ್ಯರು ಯೇಸುವನ್ನು ಗುರುತಿಸದೆ ಆತನೊಡನೆ ನಡೆದ ಎಮ್ಮಾಹುವಿನ ದಾರಿಯ ಕಥೆಯನ್ನು ಓದಿಸಿ ಒಂದೇ ಪ್ರಶ್ನೆ ಕೇಳಿದ್ದಾರೆ. ಇಸ್ರಾಯೇಲನ್ನು ಬಿಡಿಸತಕ್ಕವನು ಆತನೇ ಎಂದು ನಾವು ನಿರೀಕ್ಷಿಸಿಕೊಂಡಿದ್ದೆವು ಎಂದು ಆ ಇಬ್ಬರು ಶಿಷ್ಯರು ಹೇಳಿದಾಗ, ಅವರ ನಿರೀಕ್ಷೆ ತಪ್ಪಾಗಿತ್ತೇ? ಇದಕ್ಕೆ ಆಯ್ಕೆಗಳಿಲ್ಲ, ಖಾಲಿ ಬಿಟ್ಟ ಎರಡು ಪುಟಗಳಿವೆ. ತಪ್ಪಾಗಿರಲಿಲ್ಲ ಎಂದು ಆರಂಭಿಸಿ ನಾನು ಎರಡನ್ನೂ ತುಂಬಿಸಿ ಕಳುಹಿಸಿದ್ದೇನೆ.