ಒಂದು ಷೇರು ಎರಡಾಯಿತು: ನ್ಯೂಸ್ ಕಾರ್ಪ್ ವಿಭಜನೆ, ಸಣ್ಣ ಷೇರುದಾರನ ಕಣ್ಣಲ್ಲಿ

ಮಾಧ್ಯಮ ಉದ್ಯಮಿ ರೂಪರ್ಟ್ ಮರ್ಡಾಕ್ ಅವರ ನ್ಯೂಸ್ ಕಾರ್ಪೊರೇಷನ್ 2013ರ ಜೂನ್ 28ರಂದು ಎರಡು ಕಂಪನಿಯಾಯಿತು. ಸಿನಿಮಾ, ಟಿವಿ ಹೆಚ್ಚಾಗಿ ಟ್ವೆಂಟಿ ಫಸ್ಟ್ ಸೆಂಚುರಿ ಫಾಕ್ಸ್ ಪಾಲಿಗೆ ಹೋದವು. ಪತ್ರಿಕೆ, ಪುಸ್ತಕಗಳು ಹೊಸ ನ್ಯೂಸ್ ಕಾರ್ಪ್ ಪಾಲಿಗೆ ಬಂದವು. ಅಮೆರಿಕದಲ್ಲಿ ಕೆಲಸದಲ್ಲಿದ್ದಾಗ ಕೊಂಡ ಹಳೇ ಷೇರು ನನ್ನ ಖಾತೆಯಲ್ಲಿತ್ತು. ಅಂದಿನಿಂದ ಎರಡನ್ನೂ ಗಮನಿಸುತ್ತಾ ಬಂದಿದ್ದೇನೆ. ನನ್ನ ಅಭಿಪ್ರಾಯ ಇಷ್ಟೇ: ಪಾಲು ಮಾಡಿದ್ದು ಒಳ್ಳೆಯದಾಯಿತು, ಆದರೆ ಕೆಲಸ ಪೂರ್ತಿ ಆಗಲಿಲ್ಲ.

ಕೈಗೆ ಬಂದದ್ದೇನು? ಹಳೇ ಷೇರು ಹಾಗೇ ಉಳಿದು ಫಾಕ್ಸ್ ಆಯಿತು. ಅದರ ಜೊತೆಗೆ ಪ್ರತಿ 4 ಷೇರಿಗೆ ಹೊಸ ನ್ಯೂಸ್ ಕಾರ್ಪ್‌ನ 1 ಷೇರು. ಅಂದರೆ 100 ಇದ್ದವರಿಗೆ 25. ಲೆಕ್ಕಕ್ಕೆ ಸಿಗದೆ ಉಳಿದ ಚಿಲ್ಲರೆ ಭಾಗಕ್ಕೆ ದುಡ್ಡು ಕೊಟ್ಟರು. ಇಲ್ಲಿಯವರೆಗೆ ಸಲೀಸು. ತಲೆನೋವು ಶುರುವಾಗಿದ್ದು ನನ್ನ ಬ್ರೋಕರ್ ಕಡೆಯಿಂದ. ಸ್ಟೇಟ್‌ಮೆಂಟಿನಲ್ಲಿ ಹೊಸ ಷೇರಿಗೊಂದು ಸಾಲು ಬಂದಿತ್ತು, ಅದರ ಖರೀದಿ ಬೆಲೆ ಸೊನ್ನೆ! ಆಗ ಮಾರಿದ್ದರೆ ಬಂದ ದುಡ್ಡೆಲ್ಲ ಲಾಭ ಅಂತಲೇ ಲೆಕ್ಕವಾಗುತ್ತಿತ್ತು. ಹಾಗಲ್ಲ. ಹಳೇ ಖರೀದಿ ಬೆಲೆಯನ್ನು ಎರಡೂ ಷೇರುಗಳ ಮಾರುಕಟ್ಟೆ ಮೌಲ್ಯ ನೋಡಿ ಹಂಚಬೇಕು. ಹೊಸ ಷೇರು ಆಗ ಸುಮಾರು 15 ಡಾಲರ್ ಇತ್ತು, ಅದೂ ನಾಲ್ಕಕ್ಕೆ ಒಂದು. ಹಾಗಾಗಿ ಹಳೇ ಬೆಲೆಯ ಸಣ್ಣ ಭಾಗ ಮಾತ್ರ ಪತ್ರಿಕೆಗಳ ಕಡೆಗೆ ಬೀಳುತ್ತದೆ. ಇದನ್ನು ಸರಿಪಡಿಸಿಕೊಳ್ಳಲು ಫೋನ್ ಮೇಲೆ ಫೋನ್ ಮಾಡಬೇಕಾಯಿತು. ಇಂಥ ವಿಭಜನೆ ನಿಮ್ಮ ಯಾವುದೇ ಷೇರಿಗೆ ಆದರೂ ಮೊದಲು ಈ ಸಾಲನ್ನೇ ನೋಡಿ.

ವಿಭಜನೆಗೆ ಒತ್ತಡ ಹೆಚ್ಚಿಸಿದ್ದು ಬ್ರಿಟನ್ನಿನ ಫೋನ್ ಹ್ಯಾಕಿಂಗ್ ಹಗರಣ, ಅಂದರೆ ಕಂಪನಿಯ ಪತ್ರಿಕೆಯವರು ಜನರ ಫೋನ್ ಸಂದೇಶಗಳನ್ನು ಕದ್ದು ಕೇಳಿದ್ದು. ಆ ಪತ್ರಿಕೆ, 168 ವರ್ಷದ ‘ನ್ಯೂಸ್ ಆಫ್ ದ ವರ್ಲ್ಡ್’, 2011ರ ಜುಲೈನಲ್ಲಿ ಬಾಗಿಲು ಹಾಕಿತು. ಟಿವಿಯಲ್ಲಿ ಬರುವ ಲಾಭಕ್ಕೆ ಪತ್ರಿಕೆಗಳು ಭಾರ ಅಂತ ಹೂಡಿಕೆದಾರರು ಮೊದಲಿಂದಲೂ ಗೊಣಗುತ್ತಿದ್ದರು. ವರ್ಷದೊಳಗೆ ವಿಭಜನೆಯ ಘೋಷಣೆ ಬಂತು.

ನನಗೆ ತುಂಬ ಹಿಡಿಸಿದ್ದು ಲೆಕ್ಕಪತ್ರ ಬೇರೆಯಾದದ್ದು. ಹಳೇ ಕಂಪನಿಯ ವರ್ಷದ ಆದಾಯ 33 ಬಿಲಿಯನ್ ಡಾಲರ್ ದಾಟಿತ್ತು. ಅಷ್ಟು ದೊಡ್ಡ ರಾಶಿಯಲ್ಲಿ ‘ವಾಲ್ ಸ್ಟ್ರೀಟ್ ಜರ್ನಲ್’ ಏನು ದುಡಿಯುತ್ತಿದೆ, ಪುಸ್ತಕ ಪ್ರಕಾಶನ ಸಂಸ್ಥೆ ಹಾರ್ಪರ್‌ಕಾಲಿನ್ಸ್ ಹೇಗೆ ನಡೆಯುತ್ತಿದೆ ಅಂತ ಯಾರು ಹುಡುಕುತ್ತಾರೆ? ಹೊಸ ಕಂಪನಿ ಸಾಲವಿಲ್ಲದೆ, ಸುಮಾರು 2.6 ಬಿಲಿಯನ್ ಡಾಲರ್ ನಗದಿನೊಂದಿಗೆ ಹೊರಟಿತು. ಹಿಂದೆ ‘ಜರ್ನಲ್’ನ ಸಂಪಾದಕರಾಗಿದ್ದ ರಾಬರ್ಟ್ ಥಾಮ್ಸನ್ ಅದರ ಮುಖ್ಯಸ್ಥರಾದರು. ಪತ್ರಿಕೆ ಮಾಡಿ ಗೊತ್ತಿದ್ದವರ ಕೈಗೇ ಪತ್ರಿಕೆಗಳು ಹೋದವು, ಅದು ನನಗೆ ಸಮಾಧಾನ ಕೊಟ್ಟಿತ್ತು. ಆದರೂ ‘ಜರ್ನಲ್’ ನಡೆಸುವ ಡೌ ಜೋನ್ಸ್‌ನ ಲೆಕ್ಕವನ್ನು ಬೇರೆಯಾಗಿ ತೋರಿಸಿದ್ದು 2020ರಲ್ಲಿ. ಅಷ್ಟು ವರ್ಷ ಕಾಯಿಸಬಾರದಿತ್ತು. ಡಿಜಿಟಲ್ ಚಂದಾದಾರರಿಂದ ಒಂದು ಪತ್ರಿಕೆ ಬದುಕಬಹುದು, ಲಾಭವನ್ನೂ ಮಾಡಬಹುದು ಅಂತ ಅಂಕಿಗಳಲ್ಲಿ ಕಂಡಾಗ, ಪೇಪರ್ ಓದಿ ಬೆಳೆದ ನನಗೆ ನಿಜಕ್ಕೂ ಖುಷಿಯಾಯಿತು.

ಒಂದು ವಿಷಯ ಗೊತ್ತಿರಲಿ. ಹೊಸ ನ್ಯೂಸ್ ಕಾರ್ಪನ್ನು ಪತ್ರಿಕೆ ಕಂಪನಿ ಅಂತ ಕೊಂಡರೆ ಜೊತೆಗೆ ಬೇರೆ ಸಾಮಾನೂ ಬರುತ್ತದೆ. ಆಸ್ಟ್ರೇಲಿಯಾದಲ್ಲಿ ಮನೆ, ಜಾಗದ ಜಾಹೀರಾತು ಹಾಕುವ ಆರ್‌ಇಎ ಗ್ರೂಪ್‌ನ ಸುಮಾರು 61 ಶೇಕಡ ಪಾಲು ಇದರಲ್ಲಿದೆ. ಷೇರಿನ ಬೆಲೆಯಲ್ಲಿ ದೊಡ್ಡ ಭಾಗ ಅದರದ್ದೇ. ಹಾಗಾಗಿ ಸಿಡ್ನಿಯಲ್ಲಿ ಮನೆ ವ್ಯಾಪಾರ ಹೇಗಿದೆ ಅಂತಲೂ ನೋಡಬೇಕು.

ಇನ್ನು ದೊಡ್ಡ ಕೊರತೆ. ಎರಡು ಕಂಪನಿಯಾದರೂ ಹಿಡಿತ ಒಂದೇ ಕುಟುಂಬದ್ದು. ‘ಎ’ ವರ್ಗದ ಷೇರಿಗೆ ಸಾಮಾನ್ಯವಾಗಿ ಮತವೇ ಇಲ್ಲ, ಮತ ಇರೋದು ‘ಬಿ’ ವರ್ಗಕ್ಕೆ. ಆ ಮತಗಳಲ್ಲಿ ಸುಮಾರು 40 ಶೇಕಡ ಮರ್ಡಾಕ್ ಕುಟುಂಬದ ಕೈಯಲ್ಲಿತ್ತು. ನನ್ನ ಹತ್ತಿರ ಇದ್ದದ್ದು ‘ಎ’. ದುಡ್ಡು ಹಾಕಿಯೂ ಮಾತಾಡುವ ಹಕ್ಕಿಲ್ಲ. ಇದನ್ನು ವಿಭಜನೆಯ ಹೊತ್ತಲ್ಲೇ ಸರಿಮಾಡಬಹುದಿತ್ತು, ಅಲ್ವಾ? ಒಂದು ಷೇರಿಗೆ ಒಂದು ಮತ ಇರಲಿ ಅಂತ 2024ರಲ್ಲಿ ನ್ಯೂಸ್ ಕಾರ್ಪ್‌ನ ಸಭೆಗೆ ಒಂದು ಹೂಡಿಕೆ ಸಂಸ್ಥೆ ನಿರ್ಣಯ ತಂದಿತು. ಅದೂ ಬಿದ್ದುಹೋಯಿತು.

ಫಾಕ್ಸ್ ಕಡೆಯ ಕಥೆ ಬೇಗ ಮುಗಿಯಿತು. ಅದರ ಹೆಚ್ಚಿನ ಭಾಗವನ್ನು, ಸ್ಟಾರ್ ಇಂಡಿಯಾ ಸಮೇತ, ಡಿಸ್ನಿ 2019ರಲ್ಲಿ ಸುಮಾರು 71 ಬಿಲಿಯನ್ ಡಾಲರಿಗೆ ಕೊಂಡಿತು. ಪತ್ರಿಕೆಗಳು ಅಂಟಿಕೊಂಡೇ ಇದ್ದಿದ್ದರೆ ಆ ವ್ಯಾಪಾರ ಇಷ್ಟು ಸುಲಭವಾಗಿ ಕುದುರುತ್ತಿರಲಿಲ್ಲ ಅನ್ನೋದು ನನ್ನ ನಂಬಿಕೆ. ದುಡ್ಡಿನ ಲೆಕ್ಕದಲ್ಲಿ ಜಾಸ್ತಿ ಫಲ ಕೊಟ್ಟಿದ್ದು ಆ ಕಡೆಯೇ.

ಉಳಿದ ಫಾಕ್ಸನ್ನೂ ನ್ಯೂಸ್ ಕಾರ್ಪನ್ನೂ ಮತ್ತೆ ಕೂಡಿಸುವ ಮಾತು 2022ರ ಅಕ್ಟೋಬರಿನಲ್ಲಿ ಎದ್ದಿತು. ದೊಡ್ಡ ಷೇರುದಾರರು ಒಪ್ಪಲಿಲ್ಲ. 2023ರ ಜನವರಿಯಲ್ಲಿ ಮರ್ಡಾಕ್ ಅವರೇ ಹಿಂದೆಗೆದುಕೊಂಡರು. ಸುದ್ದಿ ಓದಿ ಸಮಾಧಾನವಾಯಿತು. ಪತ್ರಿಕೆಗಳ ಲೆಕ್ಕ ಮತ್ತೆ ಟಿವಿಯ ಅಡಿಗೆ ಹೋಗೋದು ನನಗೆ ಬೇಕಿರಲಿಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕಳೆದ ಒಂದೂವರೆ ಅಂಕ ಪೂರ್ತಿ ಆ ಮತದ ಏರ್ಪಾಡಿಗೆ. ನ್ಯೂಸ್ ಕಾರ್ಪ್ ಷೇರನ್ನು ಇನ್ನೂ ಇಟ್ಟುಕೊಂಡಿದ್ದೇನೆ, ಸದ್ಯಕ್ಕೆ ಮಾರುವ ಯೋಚನೆ ಇಲ್ಲ.